ಆರು ಎಚ್‌ಪಿಯ ಪಂಡಿತನನ್ನು ಐದನೇ ಲೆವೆಲ್ ಮುಟ್ಟಿಸುವ ಬಗೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವುದು ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ದಾಳ ಉರುಳಿಸಿ ಆಡುವ ಕಥೆಯಾಟ. ಅದರಲ್ಲಿ ಒಂದನೇ ಲೆವೆಲ್‌ನ ವಿಝಾರ್ಡ್‌ಗೆ, ಅಂದರೆ ಪುಸ್ತಕ ಓದಿ ಮಂತ್ರ ಹಾಕುವ ಪಂಡಿತನಿಗೆ, ಸಿಗುವುದು 6 ಎಚ್‌ಪಿ (ಏಟು ತಾಳುವ ಜೀವಬಲ), ಅದರ ಮೇಲೆ ಕಾನ್‌ಸ್ಟಿಟ್ಯೂಷನ್ (ಮೈಗಟ್ಟು) ಅಂಕಿಯಿಂದ ಬರುವ ಮಾಡಿಫೈಯರ್ ಎಷ್ಟಿದೆಯೋ ಅಷ್ಟು. ಎದುರಿಗೆ ಬರುವ ಸಾಮಾನ್ಯ ಗಾಬ್ಲಿನ್ ಹೊಡೆದರೆ 1ಡಿ6+2 (ಆರು ಮುಖದ ಒಂದು ದಾಳ ಉರುಳಿಸಿ 2 ಕೂಡಿಸಿದಷ್ಟು), ಸರಾಸರಿ 5.5. ಎರಡು ಏಟಿಗೆ ಪಂಡಿತರು ನೆಲ ಹಿಡಿಯುತ್ತಾರೆ. ಕಾನ್‌ಸ್ಟಿಟ್ಯೂಷನ್ 10 ಇಟ್ಟುಕೊಂಡವರ ಗತಿ ಇನ್ನೂ ಕೆಟ್ಟದ್ದು. ಗಾಬ್ಲಿನ್‌ಗೆ ಕ್ರಿಟಿಕಲ್ (ಇಪ್ಪತ್ತು ಮುಖದ ದಾಳದಲ್ಲಿ 20) ಬಿದ್ದರೆ ಡ್ಯಾಮೇಜ್ 2ಡಿ6+2 ಆಗುತ್ತದೆ. ಸೊನ್ನೆಗಿಳಿದ ಮೇಲೂ ಉಳಿಯುವ ಡ್ಯಾಮೇಜ್ ಪೂರ್ತಿ ಎಚ್‌ಪಿಯಷ್ಟಿದ್ದರೆ ಡೆತ್ ಸೇವ್‌ಗೂ (ಸಾವು ತಪ್ಪಿಸಿಕೊಳ್ಳುವ ರೋಲ್) ಅವಕಾಶವಿಲ್ಲ, ನೇರ ಸಾವು. 6 ಎಚ್‌ಪಿಯವನಿಗೆ 12 ಬಿದ್ದರೆ ಸಾಕು. ಅಂಥ ಕ್ರಿಟಿಕಲ್ ಆರರಲ್ಲಿ ಒಂದು. ಕಾನ್‌ಸ್ಟಿಟ್ಯೂಷನ್ 14 ಇದ್ದರೆ ಎಚ್‌ಪಿ 8, ಒಂದೇ ಏಟಿಗೆ ಸಾಯಲು 16 ಬೇಕು, ಗಾಬ್ಲಿನ್‌ನ ಗರಿಷ್ಠ 14. ಇಂಟೆಲಿಜೆನ್ಸ್ ಆದಮೇಲೆ ಮೊದಲು ಎಲ್ಲಿಗೆ ಪಾಯಿಂಟ್ ಹಾಕಬೇಕು ಅನ್ನುವ ಪ್ರಶ್ನೆಗೆ ಉತ್ತರ ಈ ಲೆಕ್ಕದಲ್ಲೇ ಇದೆ.

ಇಲ್ಲಿನ ಅಂಕಿಗಳೆಲ್ಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯ 2014ರ ನಿಯಮಗಳವು. ಮೂಲ ನಿಯಮಗಳ ದಸ್ತಾವೇಜು 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಪುಕ್ಕಟೆ ಸಿಗುತ್ತಿದೆ, ಕೊಪ್ಪಳದಲ್ಲಿ ಕೂತು ಆಡುವವರು ದುಬಾರಿ ಪುಸ್ತಕಕ್ಕೆ ಕಾಯಬೇಕಿಲ್ಲ. 2024ರ ಪರಿಷ್ಕೃತ ನಿಯಮಗಳಲ್ಲಿ ಆಡುವವರಿಗೆ ಕೆಲವು ಸ್ಪೆಲ್‌ಗಳ (ಮಂತ್ರಗಳ) ಲೆಕ್ಕ ಬೇರೆ, ಅದರಲ್ಲೂ ಸ್ಲೀಪ್ ಪೂರ್ತಿ ಬದಲಾಗಿದೆ. ಯಾವುದನ್ನು ಆಡುತ್ತೀರಿ ಅಂತ ಮೊದಲ ದಿನವೇ ಮಾತಾಡಿಕೊಳ್ಳಿ. ಎರಡನ್ನೂ ಕಲಸಿದರೆ ಜಗಳ ಏಳುವುದು ವಿಝಾರ್ಡ್ ಆಡುವವರ ಸರದಿಯಲ್ಲೇ.

ಗುಣಗಳ ಅಂಕಿಗಳನ್ನು ಪಾಯಿಂಟ್ ಕೊಟ್ಟು ಕೊಳ್ಳುವ ಪಾಯಿಂಟ್ ಬೈ ಪ್ರಕಾರ 27 ಪಾಯಿಂಟ್ ಇವೆ. ಪಾತ್ರದ ಕುಲಕ್ಕೆ ಹೈ ಎಲ್ಫ್ ಆಯ್ದುಕೊಂಡರೆ ಡೆಕ್ಸ್‌ಟೆರಿಟಿಗೆ 2, ಇಂಟೆಲಿಜೆನ್ಸ್‌ಗೆ 1 ಪುಕ್ಕಟೆ. ಇಂಟೆಲಿಜೆನ್ಸ್ 15ಕ್ಕೆ 9 ಪಾಯಿಂಟ್, ಕಾನ್‌ಸ್ಟಿಟ್ಯೂಷನ್ 14ಕ್ಕೆ 7, ಡೆಕ್ಸ್‌ಟೆರಿಟಿ 12ಕ್ಕೆ 4, ವಿಸ್ಡಮ್ 12ಕ್ಕೆ 4, ಕರಿಸ್ಮಾ 10ಕ್ಕೆ 2, ಸ್ಟ್ರೆಂಥ್ 9ಕ್ಕೆ 1. ಕೂಡಿಸಿ ಬರೆದರೆ ಇಂಟೆಲಿಜೆನ್ಸ್ 16, ಡೆಕ್ಸ್‌ಟೆರಿಟಿ 14, ಕಾನ್‌ಸ್ಟಿಟ್ಯೂಷನ್ 14. ಎಲ್ಫ್‌ನ ಇನ್ನೊಂದು ಲಾಭವನ್ನು ಬಹಳ ಮಂದಿ ಮರೆಯುತ್ತಾರೆ: ಮಂತ್ರದಿಂದ ಇವರಿಗೆ ನಿದ್ದೆ ಬರಿಸಲು ಆಗುವುದಿಲ್ಲ. ಬ್ಯಾಕ್‌ಗ್ರೌಂಡ್‌ಗೆ ಸೇಜ್ ತೆಗೆದುಕೊಂಡರೆ ಆರ್ಕೇನಾ, ಹಿಸ್ಟರಿ ಎಂಬ ಎರಡು ವಿದ್ಯೆ ಬರುತ್ತವೆ, ಜೊತೆಗೆ ಎರಡು ಭಾಷೆ.

ಸ್ಪೆಲ್‌ಬುಕ್‌ನಲ್ಲಿ ಶುರುವಿಗೆ ಆರು ಸ್ಪೆಲ್ ಬರೆಯಬಹುದು. ದಿನಕ್ಕೆ ತಯಾರಿಟ್ಟುಕೊಳ್ಳಲು ಸಿಗುವುದು ಇಂಟೆಲಿಜೆನ್ಸ್ ಮಾಡಿಫೈಯರ್ ಮತ್ತು ಲೆವೆಲ್ ಕೂಡಿದಷ್ಟು, ಇಲ್ಲಿ 4. ರಿಚುವಲ್ ಎಂದು ಗುರುತಾದವನ್ನು ತಯಾರಿಡದೆಯೂ ಪುಸ್ತಕ ನೋಡಿಕೊಂಡೇ ಹಾಕಬಹುದು, ಸ್ಲಾಟ್ (ದಿನಕ್ಕೆ ಇಷ್ಟೇ ಎಂದಿರುವ ಮಂತ್ರ ಹಾಕುವ ಅವಕಾಶ) ಖರ್ಚಾಗದು, ಮಾಮೂಲಿಗಿಂತ 10 ನಿಮಿಷ ಹೆಚ್ಚು ಹಿಡಿಯುತ್ತದೆ. ಆದ್ದರಿಂದ ಆರರಲ್ಲಿ ನಾಲ್ಕು ಸಾದಾ ಸ್ಪೆಲ್, ಎರಡು ರಿಚುವಲ್ ಇಟ್ಟರೆ ಪುಸ್ತಕದಲ್ಲಿ ಯಾವುದೂ ಬೆಂಚು ಕಾಯುವುದಿಲ್ಲ. ನಾವು ಬರೆಸುವುದು ಸ್ಲೀಪ್, ಶೀಲ್ಡ್, ಮೇಜ್ ಆರ್ಮರ್, ಗ್ರೀಸ್. ರಿಚುವಲ್‌ಗೆ ಫೈಂಡ್ ಫೆಮಿಲಿಯರ್ ಮತ್ತು ಕಾಂಪ್ರಹೆಂಡ್ ಲ್ಯಾಂಗ್ವೇಜಸ್. ಡಿಟೆಕ್ಟ್ ಮ್ಯಾಜಿಕ್ ಎರಡನೇ ಲೆವೆಲ್‌ನಲ್ಲಿ ಬರಲಿ. ಮ್ಯಾಜಿಕ್ ಮಿಸೈಲ್ ಯಾಕಿಲ್ಲ ಅಂತ ಹೊಸಬರು ಕೇಳಿಯೇ ಕೇಳುತ್ತಾರೆ. ದಿನಕ್ಕೆ ಎರಡೇ ಸ್ಲಾಟ್ ಇರುವವನು ಒಂದನ್ನು 10.5 ಡ್ಯಾಮೇಜ್‌ಗೆ ಸುಡುವುದು ನಮಗೆ ದುಂದು ಅನ್ನಿಸುತ್ತದೆ.

ಸ್ಲಾಟ್ ಬೇಡದ ಸಣ್ಣ ಮಂತ್ರಗಳಾದ ಕ್ಯಾಂಟ್ರಿಪ್‌ಗಳಲ್ಲಿ ಫೈರ್ ಬೋಲ್ಟ್ ಇರಲಿ, 120 ಅಡಿ ಹೋಗುತ್ತದೆ. ಗಾಬ್ಲಿನ್‌ನ ಬಿಲ್ಲು 80 ಅಡಿ ದಾಟಿದರೆ ಡಿಸ್‌ಅಡ್ವಾಂಟೇಜ್‌ಗೆ (ಎರಡು ಸಲ ಉರುಳಿಸಿ ಕಡಿಮೆ ಬಂದದ್ದನ್ನು ಹಿಡಿಯುವುದು) ಬೀಳುತ್ತದೆ. ಬಯಲಲ್ಲಿ ನಿಲ್ಲಬೇಕಾದರೆ ಈ ಎರಡು ಅಂಕಿಯ ನಡುವೆ ನಿಲ್ಲಿ. ಎರಡನೆಯದು ಶಾಕಿಂಗ್ ಗ್ರಾಸ್ಪ್. ಮೈಮೇಲೆ ಬಂದವನಿಗೆ ತಗುಲಿಸಿದರೆ ಅವನ ರಿಯಾಕ್ಷನ್ (ಬೇರೆಯವರ ಸರದಿಯಲ್ಲಿ ಕೈ ಮಾಡುವ ಅವಕಾಶ) ಹೋಗುತ್ತದೆ, ಬೆನ್ನಿಗೆ ಏಟು ತಿನ್ನದೆ ದೂರ ಸರಿಯಬಹುದು. ಐದು ಅಡಿಯೊಳಗೆ ಶತ್ರು ನಿಂತಿರುವಾಗ ಫೈರ್ ಬೋಲ್ಟ್ ಎಸೆಯುವುದು ಅತಿ ಸಾಮಾನ್ಯ ತಪ್ಪು, ಅಲ್ಲಿ ಡಿಸ್‌ಅಡ್ವಾಂಟೇಜ್ ಇದೆ. ಉಳಿದವು ಮೈನರ್ ಇಲ್ಯೂಷನ್, ಮೇಜ್ ಹ್ಯಾಂಡ್.

ಮೇಜಿನ ಸಾಮಾನಿನ ಬಗ್ಗೆ ಎರಡು ಮಾತು. ಡಿ20, ಡಿ8 (ಇಪ್ಪತ್ತು, ಎಂಟು ಮುಖದ ದಾಳ) ನಮ್ಮ ಕಡೆ ಅಂಗಡಿಯಲ್ಲಿ ಕೇಳಿದರೆ ಮುಖ ನೋಡುತ್ತಾರೆ; ಆನ್‌ಲೈನ್‌ನಲ್ಲಿ ತರಿಸಬೇಕು, ಇಲ್ಲವೇ ಫೋನ್ ಆ್ಯಪ್. ಎರಡೂ ಇಲ್ಲದಿದ್ದರೆ 1ರಿಂದ 20ರವರೆಗೆ ಬರೆದ ಚೀಟಿ ಡಬ್ಬಿಗೆ ಹಾಕಿ ಎತ್ತಿ, ಎತ್ತಿದ್ದನ್ನು ಮತ್ತೆ ಒಳಗೆ ಹಾಕಿ. ಡಿ8ಕ್ಕೆ ಮೂರು ನಾಣ್ಯ ಸಾಕು: ಮೊದಲನೆಯದಕ್ಕೆ 4, ಎರಡನೆಯದಕ್ಕೆ 2, ಮೂರನೆಯದಕ್ಕೆ 1 ಬೆಲೆ ಕಟ್ಟಿ, ತಲೆ ಬಿದ್ದವನ್ನು ಕೂಡಿಸಿ 1 ಸೇರಿಸಿ. ಕವಡೆ ಬೇಡ, ಅದು ಎರಡೂ ಮಗ್ಗುಲಿಗೆ ಸಮವಾಗಿ ಬೀಳುವುದಿಲ್ಲ. ಗಾಬ್ಲಿನ್‌ಗೆ ಹುಣಸೆ ಬೀಜ, ನಕ್ಷೆಗೆ ಶಾಲೆಯ ಗ್ರಾಫ್ ಹಾಳೆ, ಒಂದು ಚೌಕ 5 ಅಡಿ. ಬೇಸಿಗೆಯಲ್ಲಿ ರಾಯಚೂರಿನಲ್ಲಿ ಫ್ಯಾನ್ ನಿಲ್ಲಿಸಿ ಆಡುವುದು ಆಗದ ಮಾತು, ಹಾಳೆಗೆಲ್ಲ ಕ್ಲಿಪ್ ಇರಲಿ. ಸ್ಲಾಟ್ ಲೆಕ್ಕಕ್ಕೆ ಶೇಂಗಾ ಬೀಜ ಎದುರಿಗಿಟ್ಟುಕೊಂಡು, ಸ್ಲಾಟ್ ಖರ್ಚಾದಾಗ ಒಂದು ತಿಂದುಬಿಡಿ. ಆಮೇಲೆ "ಇನ್ನೊಂದು ಐತಿ" ಅಂತ ವಾದಿಸಲು ಆಗುವುದಿಲ್ಲ. ಒಗ್ಗರಣಿ ಮಿರ್ಚಿ ಬಂದಾಗ ಮಾತ್ರ ಶೀಟು ದೂರ ಸರಿಸಿ.

ಇನ್ನು ಬದುಕುವ ವಿಷಯ. ಮೈಮೇಲೆ ಏನೂ ಇಲ್ಲದ ಪಂಡಿತನ ಎಸಿ (ಏಟು ತಗುಲಲು ಎದುರಾಳಿಯ ರೋಲ್ ಮುಟ್ಟಬೇಕಾದ ಅಂಕಿ) 12. ಡಿ20 ರೋಲ್‌ಗೆ +4 ಇರುವ ಗಾಬ್ಲಿನ್ 65% ಸಲ ಹೊಡೆಯುತ್ತದೆ. ಮೇಜ್ ಆರ್ಮರ್ ಹಾಕಿದರೆ ಎಸಿ 15, ಏಟು 50%ಕ್ಕೆ ಇಳಿಯುತ್ತದೆ. ಅದರ ಮೇಲೆ ಶೀಲ್ಡ್ ಬಿದ್ದರೆ 20, ಏಟು 25%. ಆದರೆ ಇಷ್ಟಕ್ಕೆ ಎರಡೂ ಸ್ಲಾಟ್ ಮುಗಿದವು. ದಾರಿ ಇದು: ಬೆಳಿಗ್ಗೆ ಎದ್ದ ಕೂಡಲೇ ಮೇಜ್ ಆರ್ಮರ್ ಹಾಕಿ, ಒಂದು ಗಂಟೆ ಶಾರ್ಟ್ ರೆಸ್ಟ್ ಕೂರಿ, ಆರ್ಕೇನ್ ರಿಕವರಿಯಿಂದ ಆ ಸ್ಲಾಟ್ ವಾಪಸ್ ಪಡೆಯಿರಿ. ಆರ್ಮರ್ 8 ಗಂಟೆ ಇರುತ್ತದೆ. 7 ಗಂಟೆ ಆರ್ಮರ್, ಕೈಯಲ್ಲಿ ಎರಡು ಸ್ಲಾಟ್ ಇಟ್ಟುಕೊಂಡು ಹೊರಡಬಹುದು. ಅವಸರದ ದಿನ ಇದು ಆಗುವುದಿಲ್ಲ. ಡಿಎಂ (ಆಟ ನಡೆಸುವವರು) ಪ್ರತಿದಿನ ಬೆಳಿಗ್ಗೆಯೇ ಯಾರನ್ನಾದರೂ ಬಾಗಿಲು ಬಡಿಯಲು ಕಳಿಸುತ್ತಿದ್ದರೆ ಅವರಿಗೆ ಈ ಉಪಾಯ ಗೊತ್ತಾಗಿದೆ ಅಂತ ಅರ್ಥ.

ಇದಕ್ಕಿಂತ ಅಗ್ಗದ್ದು ಬಂಡೆ. ಮುಕ್ಕಾಲು ಮೈ ಮರೆಯಾಗುವ ಆಸರೆಗೆ ಎಸಿ +5, ಅರ್ಧ ಮರೆಗೆ +2. ಶೀಲ್ಡ್ ಕೊಡುವಷ್ಟನ್ನೇ ಬಂಡೆ ಸ್ಲಾಟ್ ಇಲ್ಲದೆ ಕೊಡುತ್ತದೆ. ಆನೆಗೊಂದಿ ಸುತ್ತಿನ ಗುಡ್ಡ ನೋಡಿದವರು ನಕ್ಷೆ ಬರೆದರೆ ಬಂಡೆಗೆ ಬರ ಇರುವುದಿಲ್ಲ. ಬಯಲು ನಕ್ಷೆ ಬರೆಯುವ ಡಿಎಂ ಮುಂದೆ ಮೊದಲ ಪ್ರಶ್ನೆ ಹೀಗಿರಲಿ: "ಅಣ್ಣಾ, ಮೂವತ್ತು ಅಡಿ ಒಳಗ ಮರಿಯಾಗಾಕ ಏನರ ಐತೇನು?" ಕೇಳಿದರೆ ಬಹುತೇಕ ಏನಾದರೂ ಹುಟ್ಟಿಕೊಳ್ಳುತ್ತದೆ. ಮೂಲೆಯಿಂದ ಹೊರಬಂದು, ಎಸೆದು, ಮತ್ತೆ ಹಿಂದೆ ಸರಿಯಲು 30 ಅಡಿ ನಡಿಗೆ ಸಾಕು.

ಶೀಲ್ಡ್ ಹಾಕುವುದು ಏಟು ತಗುಲಿತು ಅಂದಮೇಲೆ, ಆದ್ದರಿಂದ ಅದರ ವಿಷಯದಲ್ಲಿ ಮೇಜಿನ ಒಪ್ಪಂದ ಬೇಕು. ಡಿಎಂ "ಬಿತ್ತು" ಅಂತಷ್ಟೇ ಹೇಳಿ ಡ್ಯಾಮೇಜ್ ಉರುಳಿಸಿದರೆ ಆ ಸ್ಪೆಲ್ ಕುರುಡಾಗುತ್ತದೆ. "17, ಬಿತ್ತೇನ್ರಿ?" ಅಂತ ಮೊತ್ತ ಹೇಳಬೇಕು. ಎಸಿ 15ರವನಿಗೆ 15ರಿಂದ 19ರವರೆಗಿನ ಏಟನ್ನಷ್ಟೇ ಶೀಲ್ಡ್ ತಡೆಯುತ್ತದೆ. 20 ಬಂದರೆ ಹಾಕಿ ಉಪಯೋಗವಿಲ್ಲ. ಮೊತ್ತ ಹೇಳದ ಡಿಎಂ ಮುಂದೆ ಶೀಲ್ಡ್ ಬದಲು ಫಾಗ್ ಕ್ಲೌಡ್ ಬರೆಸಿಕೊಳ್ಳುವುದೇ ಮೇಲು.

ಸ್ಲೀಪ್ ಬಗ್ಗೆ ಎಚ್ಚರ. ಒಂದನೇ ಲೆವೆಲ್‌ನಲ್ಲಿ ಇದಕ್ಕಿಂತ ದೊಡ್ಡ ಆಯುಧ ಇಲ್ಲ. 5ಡಿ8, ಸರಾಸರಿ 22.5 ಎಚ್‌ಪಿಯಷ್ಟು ಜೀವಿಗಳು ಸೇವ್ (ಮಂತ್ರದಿಂದ ತಪ್ಪಿಸಿಕೊಳ್ಳುವ ರೋಲ್) ಇಲ್ಲದೆ ಮಲಗುತ್ತವೆ. ಗಾಬ್ಲಿನ್‌ಗೆ 7 ಎಚ್‌ಪಿ, ಸಾಮಾನ್ಯವಾಗಿ ಮೂರು ಬೀಳುತ್ತವೆ. ಎಡವಟ್ಟಾಗುವುದು ಗುರಿ ಇಡುವಾಗ. ಆರಿಸಿದ ಬಿಂದುವಿನಿಂದ 20 ಅಡಿಯೊಳಗೆ ಯಾರಿದ್ದರೂ ಲೆಕ್ಕಕ್ಕೆ ಬರುತ್ತಾರೆ, ಎಚ್‌ಪಿ ಕಡಿಮೆ ಇರುವವರಿಂದ ಎಣಿಕೆ ಶುರು. ಮುಂದೆ ನಿಂತು ಹೊಡೆದಾಡಿ 3 ಎಚ್‌ಪಿಗೆ ಇಳಿದ ನಮ್ಮದೇ ಫೈಟರ್ ಎಲ್ಲರಿಗಿಂತ ಮೊದಲು ಗೊರಕೆ ಹೊಡೆಯುತ್ತಾನೆ. ಹಾಗಾಗಿ ಸ್ಲೀಪ್ ಹಾಕುವುದಿದ್ದರೆ ಮೊದಲ ಸರದಿಯಲ್ಲೇ, ನಮ್ಮವರು ಒಳಗೆ ನುಗ್ಗುವ ಮೊದಲೇ, 90 ಅಡಿ ವ್ಯಾಪ್ತಿಯ ತುದಿಯಲ್ಲಿ. ಇನಿಷಿಯೇಟಿವ್‌ನಲ್ಲಿ (ಸರದಿಯ ಕ್ರಮ) ಹಿಂದೆ ಬಿದ್ದರೆ ಫೈಟರ್‌ಗೆ "ಯಣ್ಣಾ, ಒಂದ್ ಸರ್ತಿ ತಡಿ" ಅಂತ ಮೊದಲೇ ಹೇಳಿಟ್ಟಿರಬೇಕು. ಸತ್ತೆದ್ದ ಪ್ರೇತಗಳ ಮೇಲೆ, ಎಲ್ಫ್‌ಗಳ ಮೇಲೆ ಇದು ನಡೆಯುವುದಿಲ್ಲ. 59 ಎಚ್‌ಪಿಯ ಓಗರ್ ಎದುರು ಮೂರನೇ ಲೆವೆಲ್‌ನಲ್ಲಿ ದೊಡ್ಡ ಸ್ಲಾಟ್ ಸುರಿದರೂ 7ಡಿ8, ಸರಾಸರಿ 31.5. ಮೊದಲೇ ಅರ್ಧ ಜೀವ ತೆಗೆದಿದ್ದರೆ ಮಾತ್ರ ಯೋಚಿಸಿ.

ಗ್ರೀಸ್‌ಗೆ ಕಾನ್ಸಂಟ್ರೇಷನ್ (ಮಂತ್ರ ಉಳಿಯಲು ಮನಸ್ಸು ಹಿಡಿದಿಡುವುದು) ಬೇಡ, ಒಂದು ನಿಮಿಷ ಇರುತ್ತದೆ, 10 ಅಡಿ ಚೌಕ. ಬಾಗಿಲಲ್ಲಿ ಸುರಿಯಿರಿ. ಸೇವ್ ಡಿಸಿ (ರೋಲ್ ಮುಟ್ಟಬೇಕಾದ ಅಂಕಿ) 13, ಗಾಬ್ಲಿನ್‌ಗಳಲ್ಲಿ ಅರ್ಧ ಜಾರಿ ಬೀಳುತ್ತವೆ. ಬಿದ್ದವರ ಮೇಲೆ ಹತ್ತಿರದಿಂದ ಹೊಡೆಯುವವರಿಗೆ ಅಡ್ವಾಂಟೇಜ್ (ಎರಡು ರೋಲ್‌ನಲ್ಲಿ ಹೆಚ್ಚಿನದು), ದೂರದಿಂದ ಬಾಣ ಬಿಡುವವರಿಗೆ ಡಿಸ್‌ಅಡ್ವಾಂಟೇಜ್. ತಂಡದಲ್ಲಿ ಇಬ್ಬರು ಬಿಲ್ಲುಗಾರರಿದ್ದರೆ ಅವರಿಂದ ಬೈಸಿಕೊಳ್ಳಲು ಸಿದ್ಧರಾಗಿ.

ಈಗ ಗೂಬೆ, ಅಂದರೆ ಫೈಂಡ್ ಫೆಮಿಲಿಯರ್ ಕರೆತರುವ ಜೊತೆಗಾರ ಪ್ರಾಣಿ. ಆ ಸ್ಪೆಲ್‌ಗೆ 10 ಚಿನ್ನದ ನಾಣ್ಯದ ಇದ್ದಿಲು, ಧೂಪ, ಗಿಡಮೂಲಿಕೆ ಬೇಕು. ಒಂದು ಗಂಟೆ, ರಿಚುವಲ್ ಆದರೆ ಒಂದು ಗಂಟೆ ಹತ್ತು ನಿಮಿಷ. ಗೂಬೆ ದಾಳಿ ಮಾಡುವ ಹಾಗಿಲ್ಲ, ಆದರೆ ಹೆಲ್ಪ್ ಮಾಡಿ ನಮ್ಮವರಿಗೆ ಅಡ್ವಾಂಟೇಜ್ ಕೊಡಿಸಬಹುದು. ಹಾರಿ ಬಂದು ಗಾಬ್ಲಿನ್‌ನ ಮುಖದ ಮುಂದೆ ರೆಕ್ಕೆ ಬಡಿದು ಹಾರಿಹೋಗುತ್ತದೆ, ಫ್ಲೈಬೈ ಇರುವುದರಿಂದ ಬೆನ್ನಿಗೆ ಏಟು ಬೀಳದು. ಫೈಟರ್‌ನ +5 ಗಾಬ್ಲಿನ್‌ನ ಎಸಿ 15ರ ಎದುರು 55%, ಗೂಬೆಯ ಸಹಾಯದಿಂದ ಸುಮಾರು 80%. ದೊಡ್ಡ ಕತ್ತಿಯ 2ಡಿ6+3ಕ್ಕೆ ಇದು ಸರದಿಗೆ ಸರಾಸರಿ 2.5 ಹೆಚ್ಚು ಡ್ಯಾಮೇಜ್. ಪಂಡಿತನ ಫೈರ್ ಬೋಲ್ಟ್ ಅದೇ ಗಾಬ್ಲಿನ್ ಮೇಲೆ ಕೊಡುವ ಸರಾಸರಿ 3. ಅಂದರೆ ಒಂದು ಎಚ್‌ಪಿಯ ಹಕ್ಕಿ ಹೆಚ್ಚುಕಡಿಮೆ ಇನ್ನೊಬ್ಬ ವಿಝಾರ್ಡ್‌ನಷ್ಟೇ ದುಡಿಯುತ್ತದೆ, ಸತ್ತರೆ 10 ನಾಣ್ಯ.

ಗೂಬೆಯ ಕಣ್ಣಿಂದ ನೋಡಲು ನಿಮ್ಮ ಆ್ಯಕ್ಷನ್ ಖರ್ಚಾಗುತ್ತದೆ, ಅಷ್ಟು ಹೊತ್ತು ನಿಮಗೆ ಸ್ವಂತ ಕಣ್ಣು ಕಿವಿ ಇಲ್ಲ, ದೂರದ ಮಿತಿ 100 ಅಡಿ. ಈ ಮಿತಿಯನ್ನು ಎಲ್ಲರೂ ಮರೆತು ಕೋಟೆ ಪೂರ್ತಿ ಸುತ್ತಿಸುತ್ತಾರೆ. ಹಿರೇಬೆಣಕಲ್‌ನ ಮೊರ್ಯರ ಗುಡ್ಡದ ಶಿಲಾಸಮಾಧಿಗಳಂಥ ಜಾಗ ನಕ್ಷೆಯಲ್ಲಿದ್ದರೆ ಗೂಬೆಗಿಂತ ಇಲಿ ಒಳ್ಳೆಯದು. ಅಲ್ಲಿ ಕೆಲವಕ್ಕೆ ಚಪ್ಪಡಿಯಲ್ಲೇ ದುಂಡು ಕಿಂಡಿ ಕೊರೆದಿರುತ್ತದೆ. ಇಲಿ ಒಳಗೆ ಹೋಗಿ ನೋಡಿ ಬಂದರೆ ಚಪ್ಪಡಿ ಸರಿಸುವ ಸದ್ದೇ ಬೇಡ. ಡಿಟೆಕ್ಟ್ ಮ್ಯಾಜಿಕ್ ಇಂಥಲ್ಲಿ ಕೈಕೊಡಬಹುದು: ಒಂದು ಅಡಿ ಕಲ್ಲು, ಒಂದು ಇಂಚು ಲೋಹ, ಮೂರು ಅಡಿ ಮರ ಇಲ್ಲವೇ ಮಣ್ಣು ಅದನ್ನು ತಡೆಯುತ್ತವೆ. ಚಪ್ಪಡಿ ಎಷ್ಟು ದಪ್ಪ ಅಂತ ಡಿಎಂ ಮೊದಲೇ ಬರೆದಿಟ್ಟುಕೊಳ್ಳಲಿ.

ಇಷ್ಟು ಮಾಡಿದರೂ ಪಂಡಿತ ಉಳಿದಾನು ಅಷ್ಟೇ. ಆಡುವವರಿಗೆ ಬೇಸರ ಬರುವುದು ಸತ್ತಾಗ ಅಲ್ಲ, ಮೂರು ತಾಸು ಕೂತರೂ ಓದಲು ಏನೂ ಸಿಗದಿದ್ದಾಗ. ಈ ಜವಾಬ್ದಾರಿ ಡಿಎಂನದು. ನಮ್ಮ ಸೀಮೆಯಲ್ಲಿ ಅದಕ್ಕೆ ಕೊರತೆ ಇರಬಾರದು. ಮಸ್ಕಿ, ಕೊಪ್ಪಳದ ಗವಿಮಠ, ಪಾಲ್ಕಿಗುಂಡು, ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉದೇಗೋಳ, ಎಲ್ಲ ಕಡೆ ಅಶೋಕನ ಶಾಸನಗಳಿವೆ. ರಾಯಚೂರು ಕೋಟೆಯಲ್ಲಿ 1294ರ ಶಾಸನ ಇರುವ ಕಲ್ಲಿನ ಉದ್ದವೇ 41 ಅಡಿ ಮೀರುತ್ತದೆ, ಆ ಕಲ್ಲನ್ನು ಬಂಡಿಯ ಮೇಲೆ ಸಾಗಿಸಿದ ಚಿತ್ರವನ್ನೂ ಅಲ್ಲೇ ಗೋಡೆಯಲ್ಲಿ ಕೊರೆದಿದ್ದಾರೆ. ಆಟಕ್ಕೆ ಇವನ್ನೇ ಎತ್ತಿ ಹಾಕಬೇಕಿಲ್ಲ, ಕೃಷ್ಣೆ ತುಂಗಭದ್ರೆಗಳ ನಡುವಿನ ಎಡೆದೊರೆ ನಾಡಿನಂಥ ಒಂದು ಕಲ್ಪಿತ ನಾಡು ಕಟ್ಟಿಕೊಂಡು ಶಾಸನದ ಚೌಕಟ್ಟನ್ನಷ್ಟೇ ಸಾಲ ಪಡೆದರೆ ಸಾಕು.

ದಾನಶಾಸನಗಳಿಗೆ ಒಂದು ಸಿದ್ಧ ಕ್ರಮ ಇದೆ: ಸ್ವಸ್ತಿ, ಅರಸನ ಬಿರುದು, ಶಕವರ್ಷ ಮತ್ತು ಸಂವತ್ಸರ, ದಾನ ಕೊಟ್ಟವರು, ಪಡೆದವರು, ಭೂಮಿಯ ನಾಲ್ಕು ದಿಕ್ಕಿನ ಎಲ್ಲೆ, ಕೊನೆಗೆ ಅಳಿದವರಿಗೆ ಶಾಪ. ಡಿಎಂಗೆ ಇದರಲ್ಲಿ ಪ್ರತಿ ಭಾಗವೂ ಒಂದು ಕೊಕ್ಕೆ. ಬಿರುದಿನಲ್ಲಿ ಯಾರ ಶತ್ರು ಯಾರೆಂಬ ಸುಳಿವು ಇಡಿ. ಎಲ್ಲೆಯ ಸಾಲುಗಳು ನಕ್ಷೆ: ಮೂಡಲಿಗೆ ಹುತ್ತ, ತೆಂಕಲಿಗೆ ನೆಟ್ಟ ಕಲ್ಲು, ಪಡುವಲಿಗೆ ಹಳ್ಳ. ಶಾಪದ ಸಾಲಲ್ಲಿ ಬಲೆ ಇರಲಿ, ಯಾವ ಕೆಲಸ ಮಾಡಿದರೆ ಬಾಗಿಲು ಉರುಳುತ್ತದೋ ಅದನ್ನೇ ಅಲ್ಲಿ ಶಪಿಸಿರಲಿ. ಹಾಳೆಯನ್ನು ಪಡಿಯಚ್ಚಿನ ಹಾಗೆ ಕಪ್ಪು ನೆಲದಲ್ಲಿ ಬಿಳಿ ಅಕ್ಷರವಾಗಿ ಮುದ್ರಿಸಿ, ಒಂದು ಮೂಲೆ ಹರಿದು ಕೊಡಿ. ಹರಿದ ಮೂಲೆ ಬೇರೆ ಊರಿನಲ್ಲಿ ಸಿಗಬೇಕು.

ಸಂವತ್ಸರದ ಲೆಕ್ಕ ನಮಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿದೆ. ಕಳೆದ ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ. ಶಕ 1216ಕ್ಕೆ 12 ಕೂಡಿಸಿದರೆ 1228, ಶೇಷ 28, ಜಯ ಸಂವತ್ಸರ. ಕ್ರಿಸ್ತಶಕ ಬೇಕಿದ್ದರೆ ಶಕವರ್ಷಕ್ಕೆ 78 ಕೂಡಿಸಿ, 1294. ಆಟದಲ್ಲಿ ಯಾರೋ ಭೂಮಿಯ ಹಕ್ಕಿಗೆ ತಂದ ತಾಮ್ರಪಟದಲ್ಲಿ ಶಕ 1216, ಕ್ರೋಧಿ ಸಂವತ್ಸರ ಅಂತ ಇದ್ದರೆ ಹತ್ತು ವರ್ಷ ತಪ್ಪಿದೆ, ಪಟ ಖೋಟಾ. ಒಂದು ವರ್ಷದ ವ್ಯತ್ಯಾಸವನ್ನು ಸುಳಿವಾಗಿ ಬಳಸಬೇಡಿ, ನಿಜ ಶಾಸನಗಳಲ್ಲೂ ನಡೆಯುವ ವರ್ಷ, ಕಳೆದ ವರ್ಷ ಎಂಬ ಎರಡು ಎಣಿಕೆಯಿಂದ ಅಷ್ಟು ಆಚೀಚೆ ಆಗುತ್ತದೆ. ಸೂತ್ರವನ್ನು ಪಂಡಿತ ಆಡುವವರ ಶೀಟಿನ ಹಿಂದೆ ಬರೆದುಕೊಡಿ. ಆಡುವವರಿಗೆ ಗೊತ್ತಿಲ್ಲದಿದ್ದರೂ ಪಾತ್ರಕ್ಕೆ ಗೊತ್ತಿರಲೇಬೇಕಾದ ವಿದ್ಯೆ ಅದು.

ಹಿಸ್ಟರಿ ರೋಲ್‌ನ ಗೊಂದಲವೂ ಇಲ್ಲೇ ಬರುತ್ತದೆ. +5 ಇರುವ ಪಂಡಿತ ಡಿಸಿ 15 ದಾಟುವುದು 55% ಸಲ. ಅರ್ಧದಷ್ಟು ಸಲ "ನಿನಗ ಏನೂ ಗೊತ್ತಿಲ್ಲ" ಅನ್ನಿಸಿಕೊಳ್ಳುವವನನ್ನು ಪಂಡಿತ ಅನ್ನುವುದು ಹೇಗೆ? ನಾವು ಪ್ರತಿ ಶಾಸನಕ್ಕೂ ಮೂರು ಪದರ ಬರೆದಿಡುತ್ತೇವೆ. ಕಥೆ ಮುಂದೆ ಹೋಗಲು ಬೇಕಾದದ್ದು ರೋಲ್ ಇಲ್ಲದೆ ಸಿಗುತ್ತದೆ. ಲಾಭದ ಸಂಗತಿ ಡಿಸಿ 15ಕ್ಕೆ. ಸೋತರೆ ಅದೂ ಸಿಗುತ್ತದೆ, ಆದರೆ ಒಂದು ತಾಸು ಹೆಚ್ಚು ಹಿಡಿದು, ಅಷ್ಟರಲ್ಲಿ ಕಾವಲಿನವರು ಬರುತ್ತಾರೆ. ಮೂರನೆಯ ಪದರ ಕಾಂಪ್ರಹೆಂಡ್ ಲ್ಯಾಂಗ್ವೇಜಸ್ ಹಾಕಿದವರಿಗೆ ಮಾತ್ರ. ಆ ಸ್ಪೆಲ್‌ಗೆ ಕಲ್ಲನ್ನು ಮುಟ್ಟಿರಬೇಕು, ಒಂದು ಪುಟದಷ್ಟಕ್ಕೆ ಸುಮಾರು ಒಂದು ನಿಮಿಷ, ಸಿಗುವುದು ಪದಶಃ ಅರ್ಥ; ಗೂಢಲಿಪಿ ಬಿಡಿಸುವುದಿಲ್ಲ. ರಿಚುವಲ್‌ನ 10 ನಿಮಿಷ ಮಂತ್ರ ಬಾಯಿಬಿಟ್ಟೇ ಹೇಳಬೇಕು. ಪಕ್ಕದ ಕೋಣೆಯಲ್ಲಿ ಯಾರಾದರೂ ಇದ್ದರೆ ಕೇಳಿಸಿಕೊಳ್ಳುತ್ತಾರೆ.

ಎರಡನೇ ಲೆವೆಲ್‌ನಲ್ಲಿ ಮಂತ್ರವಿದ್ಯೆಯ ಶಾಖೆ ಆರಿಸುವಾಗ ಎರಡೇ ಪರಿಗಣಿಸಿ. ಅಬ್ಜುರೇಷನ್‌ನ ವಾರ್ಡ್ ಲೆವೆಲ್‌ನ ಇಮ್ಮಡಿಗೆ ಇಂಟೆಲಿಜೆನ್ಸ್ ಮಾಡಿಫೈಯರ್ ಕೂಡಿಸಿದಷ್ಟು ಏಟು ನುಂಗುತ್ತದೆ, ಈಗ 7. ಆಗಿನ ಎಚ್‌ಪಿ 14, ಅಂದರೆ ಅರ್ಧದಷ್ಟು ಮೇಲುಗಂಟು. ಡಿವಿನೇಷನ್‌ನ ಪೋರ್ಟೆಂಟ್‌ನಲ್ಲಿ ಲಾಂಗ್ ರೆಸ್ಟ್ ಆದಮೇಲೆ ಎರಡು ಡಿ20 ಉರುಳಿಸಿ ಬರೆದಿಟ್ಟುಕೊಂಡು, ಆ ಅಂಕಿಗಳನ್ನು ಕಣ್ಣೆದುರಿನ ಯಾರ ರೋಲ್‌ಗಾದರೂ ಬದಲಿಗೆ ಇಡಬಹುದು. ರೋಲ್ ಆಗುವ ಮೊದಲೇ ಹೇಳಬೇಕು. ನಮ್ಮ ಒಲವು ಡಿವಿನೇಷನ್ ಕಡೆಗೆ. ಬಂದದ್ದು 3 ಆದರೂ ನಷ್ಟವಿಲ್ಲ, ಶತ್ರುವಿನ ಸೇವ್‌ಗೆ ಹಾಕಲು ಅದಕ್ಕಿಂತ ಒಳ್ಳೆಯ ಅಂಕಿ ಬೇಕೆ? ಎರಡೂ ಅಂಕಿ ಎಲ್ಲರಿಗೂ ಕಾಣುವಂತೆ ಚೀಟಿಯಲ್ಲಿ ಬರೆದಿಡಿ.

ಪಂಡಿತನಿಗೆ ಇಷ್ಟೆಲ್ಲ ಕವಚ ಕಟ್ಟುವ ತಾಪತ್ರಯ ಬೇಡ ಅನ್ನುವವರಿಗೆ ಕಾಲ್ ಆಫ್ ಕ್ಥುಲು ಎಂಬ ಇನ್ನೊಂದು ಕಥೆಯಾಟ, ಭಯಾನಕ ಕಥೆಗಳದ್ದು, ಇದೆ. ಅಲ್ಲಿ ಎಲ್ಲರೂ ಬಡಪಾಯಿಗಳೇ. ಏಳನೇ ಆವೃತ್ತಿಯಲ್ಲಿ ಕಾನ್ (ಮೈಗಟ್ಟು) 50, ಸೈಝ್ (ಗಾತ್ರ) 60 ಇದ್ದರೆ ಎಚ್‌ಪಿ 11, ರಿವಾಲ್ವರ್ ಗುಂಡಿಗೆ 1ಡಿ10. ಪುಸ್ತಕ, ಕಡತ ಹುಡುಕುವ ವಿದ್ಯೆಯಾದ ಲೈಬ್ರರಿ ಯೂಸ್ ಎಲ್ಲರಿಗೂ 20%ರಿಂದ ಶುರು, ಪ್ರೊಫೆಸರ್ ಅದನ್ನು 70ಕ್ಕೆ ಏರಿಸಿದರೆ ತಂಡದಲ್ಲಿ ಬಂದೂಕಿನವನಿಗಿಂತ ಅವರೇ ಮುಖ್ಯ. ರೋಲ್ ಸೋತರೆ ಕಾರಣ ಕೊಟ್ಟು ಮತ್ತೊಮ್ಮೆ ಪುಶ್ ಮಾಡಬಹುದು, ಅದೂ ಸೋತರೆ ಫಲ ಕೆಟ್ಟದಾಗಿಯೇ ಇರುತ್ತದೆ. 1920ರ ದಶಕದ ನಮ್ಮ ಸೀಮೆ ಈ ಆಟಕ್ಕೆ ಹೇಳಿಮಾಡಿಸಿದ್ದು. ರಾಯಚೂರು, ಕೊಪ್ಪಳ ನಿಜಾಮರ ಆಡಳಿತದಲ್ಲಿ, ಬಳ್ಳಾರಿ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ. ಕಡತ ಒಂದು ಕಡೆ, ಕಲ್ಲು ಇನ್ನೊಂದು ಕಡೆ. ಮಸ್ಕಿಯ ಶಾಸನವನ್ನು 1915ರಲ್ಲಿ ಕಂಡವರು ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್, ಅದರಲ್ಲಿ ಅಶೋಕನ ಹೆಸರೇ ಇತ್ತು. ಹಟ್ಟಿಯ ಹಳೆಯ ಸುರಂಗ, ಒಬ್ಬ ಎಂಜಿನಿಯರ್, ಓದಲಾಗದ ಒಂದು ಸಾಲು ಇಷ್ಟಿದ್ದರೆ ಒಂದು ಸಂಜೆಯ ಆಟ ಸಿದ್ಧ.

ಡಂಜನ್ಸ್‌ಗೆ ಮರಳಿದರೆ, ಮೂರು ಮತ್ತು ನಾಲ್ಕನೇ ಲೆವೆಲ್‌ನಲ್ಲಿ ಪಂಡಿತರು ಸಾಯುವುದು ಕಾನ್ಸಂಟ್ರೇಷನ್ ನಂಬಿ. ಒಮ್ಮೆಗೆ ಒಂದೇ ಕಾನ್ಸಂಟ್ರೇಷನ್ ಸ್ಪೆಲ್. ಎರಡನೆಯದು ಹಾಕಿದ ಕೂಡಲೇ ಮೊದಲನೆಯದು ಬಿಟ್ಟುಹೋಗುತ್ತದೆ. ಡಿಟೆಕ್ಟ್ ಮ್ಯಾಜಿಕ್ ಕೂಡ ಇದೇ ಜಾತಿ ಅನ್ನುವುದು ನೆನಪಿರುವುದಿಲ್ಲ. ಏಟು ಬಿದ್ದಾಗ ಸ್ಪೆಲ್ ಉಳಿಯಲು ಕಾನ್‌ಸ್ಟಿಟ್ಯೂಷನ್ ಸೇವ್, ಡಿಸಿ 10 ಇಲ್ಲವೇ ಡ್ಯಾಮೇಜ್‌ನ ಅರ್ಧ, ಯಾವುದು ಹೆಚ್ಚೋ ಅದು. +2ಕ್ಕೆ 65% ಉಳಿಯುತ್ತದೆ, ಒಂದೇ ಸುತ್ತಿನಲ್ಲಿ ಎರಡು ಏಟು ಬಿದ್ದರೆ 42%ಕ್ಕೆ ಇಳಿಯುತ್ತದೆ. ಕಾನ್ಸಂಟ್ರೇಷನ್ ಬೇಡುವ ವೆಬ್ ಸ್ಪೆಲ್ ಹಾಕಿದ ಪಂಡಿತನ ಮುಂದಿನ ಕೆಲಸ ಫೈರ್ ಬೋಲ್ಟ್ ಎಸೆಯುವುದಲ್ಲ, ಬಂಡೆ ಹಿಂದೆ ಹೋಗಿ ಡಾಡ್ಜ್ ಮಾಡುವುದು.

ಪುಸ್ತಕದ ನಕಲನ್ನೂ ಈ ಹೊತ್ತಿಗೆ ಮಾಡಿಸಿಡಿ. ಸಿಕ್ಕ ಹೊಸ ಸ್ಪೆಲ್ ಬರೆಯಲು ಪ್ರತಿ ಸ್ಪೆಲ್ ಲೆವೆಲ್‌ಗೆ 2 ತಾಸು, 50 ನಾಣ್ಯ. ಸ್ವಂತ ಪುಸ್ತಕದ ಪ್ರತಿ ತೆಗೆಯಲು ಅದೇ ಲೆವೆಲ್ ಲೆಕ್ಕದಲ್ಲಿ 1 ತಾಸು, 10 ನಾಣ್ಯ. ತುಂಗಭದ್ರೆಯಲ್ಲಿ ಹರಿಗೋಲು ಮಗುಚುವ ಸಂದರ್ಭವನ್ನು ಯಾವುದೋ ಒಂದು ವಾರ ಡಿಎಂ ತರದೆ ಬಿಡುವುದಿಲ್ಲ. ಪುಸ್ತಕ ನೀರುಪಾಲಾದರೆ ಅಂದು ತಯಾರಿಟ್ಟವಷ್ಟೇ ಉಳಿಯುತ್ತವೆ.

ಐದನೇ ಲೆವೆಲ್‌ಗೆ ಫೈರ್‌ಬಾಲ್ ಬರುತ್ತದೆ: 150 ಅಡಿ ದೂರ, 20 ಅಡಿ ತ್ರಿಜ್ಯ, 8ಡಿ6, ಸರಾಸರಿ 28. ಸೇವ್ ಗೆದ್ದ ಗಾಬ್ಲಿನ್‌ಗೂ ಅರ್ಧ ಅಂದರೆ 14 ಬೀಳುತ್ತದೆ, ಅದರ ಎಚ್‌ಪಿ 7. ಇಲ್ಲಿಂದ ಮುಂದೆ ಮೇಲಿನ ಲೆಕ್ಕಗಳಲ್ಲಿ ಅರ್ಧಕ್ಕರ್ಧ ತಿರುಗುತ್ತವೆ. ಡಿಎಂ ಗಾಬ್ಲಿನ್‌ಗಳನ್ನು ಗುಂಪಾಗಿ ನಿಲ್ಲಿಸದೆ 40 ಅಡಿಗೂ ಹೆಚ್ಚು ಅಂತರದಲ್ಲಿ ಹರಡಲು ಶುರು ಮಾಡುತ್ತಾರೆ, ಅವುಗಳ ಮೊದಲ ಬಾಣ ಇನ್ನು ಪಂಡಿತನ ಕಡೆಗೇ.